ಎಡಗಡೆ ಬೀಗದ ಬೀರು

ತಹುನಾನ್, ಜೆಪಾರಾ
೨೧ ಆಗಸ್ಟ್ ೨೦೦೦

ಪ್ರೀತಿಯ ಮುರ್ನಿ, ನನ್ನ ಮಗಳೇ,

ಕ್ಷೇಮವಾಗಿದ್ದೀಯಾ? ಸೋಪಿನ ನೀರಿಗೆ ಬಿರಿದ ನಿನ್ನ ಬೆರಳುಗಳು ಈಗ ಹೇಗಿವೆ? ಕೊಬ್ಬರಿ ಎಣ್ಣೆ ಹಚ್ಚು ಎಂದು ಬರೆದಿದ್ದೆ. ಹಚ್ಚುತ್ತಿದ್ದೀಯೋ, ನಾಳೆ ನಾಳೆ ಎನ್ನುತ್ತಿದ್ದೀಯೋ? ನೀನು ನೋಡಿಕೊಳ್ಳುವ ಆ ಮುದುಕಿ ಈಗಲೂ ಊಟದ ತಟ್ಟೆ ನೂಕುತ್ತಾಳಾ? ಅವಳ ಮೇಲೆ ಕೋಪ ಮಾಡಬೇಡ. ವಯಸ್ಸಾದವರಿಗೆ ಹಸಿವಿಗಿಂತ ಹಟ ಹೆಚ್ಚು, ನನ್ನನ್ನೇ ನೋಡು. ಹಾಂಗ್‌ಕಾಂಗಿನಲ್ಲಿ ಬಿರುಗಾಳಿ ಎಂದು ರೇಡಿಯೊದಲ್ಲಿ ಕೇಳಿದಾಗಲೆಲ್ಲ ನೀನಿರುವ ಆ ಎತ್ತರದ ಮನೆ ತೆಂಗಿನ ಮರದ ಹಾಗೆ ಓಲಾಡುತ್ತಿರಬಹುದೇ ಎಂದು ನನಗೆ ದಿಗಿಲು. ಮನೆ ಎಲ್ಲಾದರೂ ಓಲಾಡುತ್ತದೆಯೇ ಎಂದು ನೀನು ನಗುತ್ತೀಯ. ನಗು, ನಗುವವರಿಗೇನು.

ನಾನು ಚೆನ್ನಾಗಿದ್ದೇನೆ. ಕೆಮ್ಮು ಇದೆ, ಮರದ ಪುಡಿಯ ಕೆಮ್ಮು ಅದು, ಅದಕ್ಕೂ ನನಗೂ ಹಳೆಯ ನೆಂಟು. ಬೆಳಿಗ್ಗೆ ಎದ್ದು ಶೆಡ್ಡಿಗೆ ಹೋಗುತ್ತೇನೆ, ಹೆಂಗಸರ ಸಾಲಿನಲ್ಲಿ ಕೂತು ಕುರ್ಚಿ ಮೇಜುಗಳ ಮೈ ಉಜ್ಜುತ್ತೇನೆ. ಮಾತಿಗೆ ಅಲ್ಲಿ ಬರವಿಲ್ಲ. ಬು ತಾರ್ಮಿಯ ಬಾಯಿ ನಿನಗೆ ಗೊತ್ತೇ ಇದೆ, ಸ್ಯಾಂಡ್‌ಪೇಪರ್ ಸವೆದರೂ ಅದು ಸವೆಯುವುದಿಲ್ಲ. ಆದರೆ ಮನೆಗೆ ಬಂದು ಬಾಗಿಲು ತೆಗೆದೆನೆಂದರೆ, ಮುರ್ನಿ, ದಿನವೆಲ್ಲ ಕಿವಿ ತುಂಬಿದ್ದ ಆ ಉಜ್ಜುವ ಸದ್ದು ನಿಂತ ಕೂಡಲೇ ಏನೋ ಖಾಲಿ. ನೆಂಟರ ಮನೆಗೆ ಹೋದಾಗ ಅವರು ಇಲ್ಲದಿದ್ದರೆ ಹೇಗೆ ಒಳಗೆ ಬರಲೋ ಬೇಡವೋ ಎಂದು ನಿಲ್ಲುತ್ತೇವೆ, ಹಾಗೆ ನನ್ನ ಮನೆಯ ಹೊಸ್ತಿಲಲ್ಲೇ ನಿಲ್ಲುತ್ತೇನೆ. ಹದಿನೇಳನೇ ತಾರೀಖು ಸ್ವಾತಂತ್ರ್ಯದ ಹಬ್ಬಕ್ಕೆ ಓಣಿಯ ತುಂಬ ಬಾವುಟ ಕಟ್ಟಿದ್ದರು. ಎಲ್ಲರೂ ಎಣ್ಣೆ ಬಳಿದ ಕಂಬ ಹತ್ತುವವರನ್ನು ನೋಡಿ ಕೂಗಾಡುತ್ತಿದ್ದಾಗ ನಾನೂ ಕೂಗಿದೆ, ಪಕ್ಕಕ್ಕೆ ತಿರುಗಿ "ನೋಡೇ, ಜಾರಿದ!" ಎಂದೆ. ಪಕ್ಕದಲ್ಲಿ ಯಾರೋ ಗುರುತಿಲ್ಲದ ಹೆಂಗಸು. ಅವಳು ಪಾಪ ಒಳ್ಳೆಯವಳು, "ಹೂಂ, ಜಾರಿದ" ಎಂದಳು.

ಇನ್ನು ವಿಷಯಕ್ಕೆ ಬರುತ್ತೇನೆ. ಎರಡು ತಿಂಗಳಿಂದ ನಿನಗೆ ಬರೆಯದೆ ಬಚ್ಚಿಟ್ಟಿದ್ದು ಒಂದಿದೆ. ಮಳೆ ನಿಂತು ಬಿಸಿಲು ಶುರುವಾದ ಸಮಯ. ಶೆಡ್ಡಿನ ಬಾಗಿಲಲ್ಲಿ ಒಬ್ಬ ಗಂಡಸು ಬಂದು ನಿಂತ. ನಲವತ್ತರ ಆಸುಪಾಸು, ಕಟ್ಟುಮಸ್ತಾದ ಆಳು, ಉಗುರಿನ ಸಂದಿನಲ್ಲೆಲ್ಲ ಕಪ್ಪು ಎಣ್ಣೆ. ಕೈ ಹಿಂದಕ್ಕೆ ಕಟ್ಟಿಕೊಂಡು ಶಾಲೆಗೆ ತಡವಾಗಿ ಬಂದವನ ಹಾಗೆ ನಿಂತಿದ್ದ. "ಬು ಕಸ್ತಿನಾ ಯಾರು?" ಎಂದ, 'ಬು' ಎಂದು ತಾಯಿಯನ್ನು ಕರೆಯುವಷ್ಟು ಮರ್ಯಾದೆಯಿಂದ. ತಾರ್ಮಿ ಬಿಡುತ್ತಾಳೆಯೇ? "ಕಸ್ತಿನಾ, ಏಳೇ, ಕೂದಲು ಬಾಚ್ಕೊ! ನಿಂಗೆ ವರ ಬಂದವ್ನೆ!" ಎಂದು ಕೂಗಿದಳು. ಸಾಲಿಗೆ ಸಾಲೇ ನಕ್ಕಿತು. ಅವನ ಕಿವಿ ಕೆಂಪಾದವು. ಬಂದರಿನಲ್ಲಿ ದೋಣಿ ಇಂಜಿನ್ ರಿಪೇರಿ ಮಾಡುವವನಂತೆ, ಹೆಂಡತಿ ತೀರಿಕೊಂಡು ವರ್ಷಗಳಾದವಂತೆ, ಹೆಸರು ಸುಬ್ಖಾನ್ ಅಂತೆ.

ಹೌದು, ಅವನೇ. ಕಾಗದ ಕೆಳಗಿಡಬೇಡ, ಮುಖ ಮುಚ್ಚಿಕೊಳ್ಳಲೂ ಬೇಡ, ಓದು. ಆವತ್ತು ನನಗೆ ಏನೂ ಗೊತ್ತಿರಲಿಲ್ಲ. ಕಳೆದ ಈದ್ ಹಬ್ಬಕ್ಕೆ ನೀನು ರಜೆಯ ಮೇಲೆ ಬಂದಾಗ ದಿನವೂ ಬೆಳಿಗ್ಗೆ ನಾನೇ ಮೀನು ತರ್ತೀನಿ, ನಾನೇ ತರ್ತೀನಿ ಎಂದು ಬಂದರಿಗೆ ಓಡುತ್ತಿದ್ದೆಯಲ್ಲ, ಹುಡುಗಿಗೆ ನಮ್ಮ ಊರಿನ ಮೀನಿನ ಸಾರು ಎಷ್ಟು ನೆನಪಾಗಿತ್ತೋ ಎಂದು ನಾನು ದಡ್ಡಿ ಮರುಗುತ್ತಿದ್ದೆ.

ಅವನು ಹೇಳಿದ್ದು ಇಷ್ಟು. ಮದುವೆ ಮಾಡಿಕೊಳ್ಳಬೇಕೆಂದಿದ್ದಾನೆ, ಹುಡುಗಿ ದೂರದೂರಿನಲ್ಲಿದ್ದಾಳೆ, ಗಂಡಿನ ಕಡೆಯಿಂದ ಒಯ್ಯುವ ಬೀರು ಕೊಳ್ಳಬೇಕು. "ಮರದ ವಿಷ್ಯದಲ್ಲಿ ನಾನು ಕುರುಡ, ಬು. ಇಂಜಿನ್ನಾದ್ರೆ ಕಿವಿ ಕೊಟ್ಟು ಕೇಳಿ ಹೇಳ್ತೀನಿ. ತೇಗ ಅಂತ ಏನು ಕೊಟ್ರೂ ತಲೆ ಮೇಲೆ ಹೊತ್ಕೊಂಡು ಬರೋನು ನಾನು. ನಿಮ್ಮ ಕೈ ಒಂದ್ಸಲ ಮುಟ್ಟಿದ್ರೆ ಸಾಕು ಅಂದ್ರು." ಯಾರು ಅಂದರು ಎಂದು ನಾನು ಕೇಳಲಿಲ್ಲ. ಹೊಗಳಿಕೆಗೆ ಯಾರು ಸಾಕ್ಷಿ ಕೇಳುತ್ತಾರೆ? ಶುಕ್ರವಾರ ನಮಾಜು ಮುಗಿದ ಮೇಲೆ ಬಾ ಎಂದೆ.

ಮೊದಲು ಅವನು ಕರೆದುಕೊಂಡು ಹೋದದ್ದು ದೊಡ್ಡ ರಸ್ತೆಯ ಗಾಜಿನ ಅಂಗಡಿಗೆ, ಹೆಸರು ಬೇಡ. ಒಳಗೆ ಕಾಲಿಟ್ಟರೆ ವಾರ್ನಿಷ್ ವಾಸನೆಗೆ ತಲೆ ತಿರುಗಬೇಕು. ಎಲ್ಲ ಬೀರುಗಳೂ ಒಂದೇ ಬಣ್ಣ, ಒಳ್ಳೇ ಕುದಿಸಿದ ಬೆಲ್ಲದ ಬಣ್ಣ. ಒಂದೇ ಬಣ್ಣ ಕಂಡರೆ ನನಗೆ ಅಲ್ಲೇ ಗುಮಾನಿ. ತೇಗ ಎಂದರೆ ಒಂದು ಹಲಗೆ ಜೇನಿನ ಹಾಗೆ, ಪಕ್ಕದ ಹಲಗೆ ತುಸು ಕಪ್ಪು, ನಡುವೆ ಮಸಿ ಎಳೆದ ಹಾಗೆ ಗೆರೆ. ಅಕ್ಕತಂಗಿಯರ ಹಾಗೆ ಹೋಲಿಕೆ ಇರಬೇಕೇ ಹೊರತು ಪಡಿಯಚ್ಚಾಗಿರಬಾರದು. ನಾನು ಮುಂಬಾಗಿಲನ್ನು ನೋಡಲೇ ಇಲ್ಲ, ಅದು ತೋರಿಸಲೆಂದೇ ಮಾಡಿದ್ದು. ಮಂಡಿಯೂರಿ ಕೆಳಗಡೆಗೆ ಕೈ ಹಾಕಿದೆ. ಡ್ರಾಯರ್ ಪೂರ್ತಿ ಎಳೆದು ತಲೆಕೆಳಗು ಮಾಡಿದೆ. ಹಿಂದುಗಡೆ ಗೋಡೆಗೆ ಒತ್ತಿಟ್ಟಿದ್ದನ್ನು ಸರಿಸಿ ಎಂದೆ. ಅಂಗಡಿಯ ಹುಡುಗಿ, ತುಟಿಗೆ ಬಣ್ಣ ಬಳಿದವಳು, "ಅಜ್ಜೀ, ಬೀರು ಕೊಳ್ತೀರೋ ಇಲ್ಲ ಸೊಸೆ ಮಾಡ್ಕೋತೀರೋ? ಹಿಂದೆ ಮುಂದೆ ಎಲ್ಲಾ ನೋಡ್ತಿದೀರಲ್ಲ!" ಎಂದಳು. "ಸೊಸೆಯಾದ್ರೆ ಇಷ್ಟು ನೋಡ್ತಿರ್ಲಿಲ್ಲಮ್ಮ, ಬೀರು ವಾಪಸ್ ಮಾತಾಡಲ್ಲ ನೋಡು" ಎಂದೆ. ಸುಬ್ಖಾನ್ ನಕ್ಕ. ಆಮೇಲೆ ತಕ್ಷಣ ಯಾಕೋ ನಗು ನಿಲ್ಲಿಸಿದ. ಆಗ ನನಗೆ ಅರ್ಥವಾಗಲಿಲ್ಲ.

ನೋಡಿದರೆ ಹಿಂಬದಿ ಹಲಗೆ ತೇಗವೇ ಅಲ್ಲ, ಯಾವುದೋ ಮೆತ್ತನೆಯ ಮರ. ಕಾಲುಗಳು ತೇಗವೇ, ಆದರೆ ತೊಗಟೆ ಪಕ್ಕದ ಬಿಳಿಮರ, ನಡುವಿನ ಗಟ್ಟಿ ಕೆಚ್ಚಲ್ಲ. ಬಿಳಿಮರಕ್ಕೆ ಬಣ್ಣ ಕುಡಿಸಿ ಕೆಚ್ಚಿನ ವೇಷ ಹಾಕಿದ್ದರು. ಒಳಗಡೆ ಪಾಲಿಶ್ ಇಲ್ಲದ ಮೂಲೆಗೆ ಬೆರಳು ನೆಕ್ಕಿ ಒತ್ತಿದೆ. ಒದ್ದೆ ಕ್ಷಣದಲ್ಲಿ ಹೀರಿಹೋಯಿತು. ಒಳ್ಳೆಯ ಕೆಚ್ಚಿಗೆ ತನ್ನದೇ ಎಣ್ಣೆ ಇರುತ್ತದೆ, ನೀರು ಅಷ್ಟು ಬೇಗ ಒಳಗೆ ಹೋಗದು. ಬಾಗಿಲ ಅಂಚಿನಲ್ಲಿ ಗಂಟು ಬಿದ್ದ ಕಡೆ ಮರದ ಪುಡಿಯನ್ನು ಗೋಂದಿನಲ್ಲಿ ಕಲಸಿ ಮೆತ್ತಿದ್ದರು. ಕಣ್ಣಿಗೆ ಕಾಣುವುದಿಲ್ಲ, ಬೆರಳು ಸವರಿದರೆ ಅಲ್ಲಿ ಮರ ಸತ್ತ ಹಾಗೆ. ಮೇಲೆ ಥಳಕು, ಒಳಗೆ ಹುಳುಕು. ಇದನ್ನೆಲ್ಲ ಯಾಕೆ ಬರೆಯುತ್ತೇನೆ? ನನ್ನ ಪಕ್ಕದಲ್ಲಿ ಕೂತು ಇದೇ ಕೆಲಸ ಕಲಿತವಳು ನೀನು. ಆದರೂ ಬರೆಯಬೇಕು ಅನ್ನಿಸುತ್ತದೆ. ಮರದ ಮಾತನ್ನು ಮನಸ್ಸಿಟ್ಟು ಕೇಳುವವರು ಈಗ ನನಗೆ ಯಾರಿದ್ದಾರೆ.

ಅವನು ಕೇಳಿದ, ಅದನ್ನೂ ಹೇಳಬೇಕು. ಹೊರಗೆ ಬಂದು ಬೀದಿಯಂಗಡಿಯಲ್ಲಿ ಶುಂಠಿ ಹಾಕಿದ ತೆಂಗಿನಹಾಲು ಕುಡಿಯುವಾಗ ಒಂದೊಂದನ್ನೇ ಮತ್ತೆ ಕೇಳಿ ತಿಳಿದುಕೊಂಡ. ಕೊಂಡುಕೊಳ್ಳಲಿಲ್ಲವಲ್ಲ ಎಂದು ಅಂಗಡಿಯವರು ಗೊಣಗಿದ್ದಕ್ಕೆ ಅವನಿಗೆ ಬೇಸರವಿರಲಿಲ್ಲ. "ಇಂಜಿನ್ನೂ ಹಿಂಗೇ, ಬು. ಮೇಲೆ ಬಣ್ಣ ಹೊಡ್ದಿರೋದನ್ನ ಕಂಡ್ರೆ ನಂಗೆ ಮೊದ್ಲು ಭಯ" ಎಂದ. ಹೋಗುವಾಗ ನನ್ನ ಕೆಮ್ಮು ಕೇಳಿ ಮುಖಕ್ಕೆ ಬಟ್ಟೆ ಕಟ್ಟಿಕೊಂಡು ಉಜ್ಜಿ ಎಂದು ಗದರಿದ. ಗದರಿದ, ಮುರ್ನಿ. ನಿನ್ನನ್ನು ಈ ಮನೆಗೆ ತಂದ ನನ್ನ ಮಗ ವಾರ್ಸಿತೊ, ಬ್ಲೋರಾದ ಕಾಡಿನಿಂದ ದಿಮ್ಮಿ ತರುವಾಗ ಲಾರಿ ಮಗುಚಿ ತೀರಿಕೊಂಡ ಮೇಲೆ ನನ್ನನ್ನು ಗದರಿದ ಗಂಡಸು ಇವನೊಬ್ಬನೇ. ಆ ಸಂಜೆ ಮನೆಗೆ ಬಂದಾಗ ಹೊಸ್ತಿಲಲ್ಲಿ ನಿಲ್ಲದೆ ಸೀದಾ ಒಳಗೆ ಹೋದೆ.

ಮುಂದಿನ ಶುಕ್ರವಾರ ಪಾ ನೂರ್‌ಹಾದಿಯ ಕಾರ್ಖಾನೆಗೆ ಹೋದೆವು, ಕಾಲುವೆ ಆಚೆಗಿನ ಓಣಿಯಲ್ಲಿ. ಅಲ್ಲಿ ಒಂದು ಬೀರು ನಿಂತಿತ್ತು. ಅಯ್ಯೋ, ಎಂಥ ಚೆಲುವು ಅಂತೀಯೆ! ಬಾಗಿಲ ಮೇಲೆ ಬಳ್ಳಿಯ ಕೆತ್ತನೆ, ಎಲೆಯ ನರ ಸಮೇತ. ಮರ ಪೂರ್ತಿ ಕೆಚ್ಚು. ಕೀಲುಗಳೆಲ್ಲ ಮರಕ್ಕೆ ಮರ ಕೂರಿಸಿದ್ದು, ಒಂದು ಮೊಳೆಯಿಲ್ಲ. ಸುಬ್ಖಾನನ ಕಣ್ಣು ಅದರ ಮೇಲೆ ನೆಟ್ಟಿತು. ನಾನು ಬಾಗಿಲು ತೆರೆದು ಒಳಗೆ ತಲೆ ಹಾಕಿ ಕೆನ್ನೆಯನ್ನು ಹಲಗೆಗೆ ಒತ್ತಿದೆ. ತಣ್ಣಗಿತ್ತು. ಹೊರಗೆ ಕಾದ ಹೆಂಚಿನಂಥ ಬಿಸಿಲು, ಒಳಗೆ ಹಲಗೆ ಬಾವಿಕಟ್ಟೆಯ ಹಾಗೆ ತಣ್ಣಗೆ. ಹಳೆಯ ತೇಗದ ಚರ್ಮದಂಥ ವಾಸನೆಯ ಬದಲು ತುಸು ಹುಳಿ ವಾಸನೆ. ಹಸಿ ಮರ. ಕಾಯಿಸುವ ಕೋಣೆಗೆ ಹಾಕದೆ, ನೆರಳಿನಲ್ಲಿ ಒಣಗಲೂ ಬಿಡದೆ ಅವಸರಕ್ಕೆ ಮಾಡಿದ್ದು. ಇವತ್ತು ಬಾಗಿಲು ಬೆಣ್ಣೆಯ ಹಾಗೆ ಮುಚ್ಚುತ್ತದೆ. ವರ್ಷದೊಳಗೆ ಕುಗ್ಗಿ, ತಿರುಚಿ, ಕೀಲುಗಳು ಬಾಯಿಬಿಟ್ಟು, ಆ ಬಳ್ಳಿ ನಡುವೆ ಸೀಳುತ್ತದೆ. ಹೇಳೋಣವೆಂದು ತಲೆ ಹೊರಗೆ ತೆಗೆದೆ.

ಅಷ್ಟರಲ್ಲಿ ಅವನು ಪಾ ನೂರ್‌ಹಾದಿಗೆ ಹೇಳುತ್ತಿದ್ದ: "ಬೀಗ ಎಡಗಡೆ ಬಾಗಿಲಿಗೆ ಹಾಕ್ಕೊಡಿ ಪಾ. ಅವಳು ಎಡಚಿ. ಬಟ್ಟೆ ನೇತು ಹಾಕೋ ಕೋಲು ಸ್ವಲ್ಪ ತಗ್ಗಿಗಿರ್ಲಿ, ಕುಳ್ಳಿ, ಕೈಗೆ ಎಟಕಲ್ಲ. ಆಮೇಲೆ ಕೆಳಗಿನ ಡ್ರಾಯರ್ ಉದ್ದ ಬೇಕು. ಅವಳು ಬಾಟಿಕ್ ಬಟ್ಟೆನ ಮಡಿಸಲ್ಲ, ಚಾಪೆ ಥರ ಸುರುಳಿ ಸುತ್ತಿ ಇಡ್ತಾಳೆ."

ಪಾ ನೂರ್‌ಹಾದಿ, "ಅಬ್ಬಬ್ಬಾ, ಬೀರು ಅಳತೆ ಕೊಡ್ತಿದೀಯೋ ಹೆಂಡ್ತಿ ಅಳತೆ ಕೊಡ್ತಿದೀಯೋ!" ಎಂದು ನಕ್ಕ.

ಮುರ್ನಿ, ಜೆಪಾರಾದಲ್ಲಿ ಎಡಚಿಯರು ಎಷ್ಟೋ ಇರಬಹುದು, ಕುಳ್ಳಿಯರು ಬೀದಿಗೊಬ್ಬರು. ಬಾಟಿಕ್ ಸುರುಳಿ ಸುತ್ತಿ ಇಡುವವಳು ಒಬ್ಬಳೇ. ಮಡಿಸಿದರೆ ಗೆರೆ ಬೀಳುತ್ತದೆ ಅಮ್ಮಾ ಎಂದು ನನ್ನ ಉಡುವ ಬಟ್ಟೆಗಳನ್ನೂ ಸುತ್ತಿಟ್ಟು ಹೋದವಳು. ಎಡಗೈಲಿ ಅನ್ನ ಬಡಿಸಬೇಡ ಕಣೇ ಎಂದು ಮದುವೆಯಾದ ಹೊಸದರಲ್ಲಿ ನಾನು ಗದರಿದರೆ, ಬಲಗೈಗೆ ಬದಲಿಸಿ, ನಾನು ಆ ಕಡೆ ತಿರುಗಿದ ಕೂಡಲೇ ಮತ್ತೆ ಎಡಗೈಗೆ ಸೌಟು ತೆಗೆದುಕೊಳ್ಳುತ್ತಿದ್ದವಳು. ಅವನು ತಿರುಗಿ, "ಹೆಂಗಿದೆ ಬು? ತಗೊಳ್ಳಾ?" ಎಂದು ಕೇಳಿದ. ನಂಬಿ ಕೇಳಿದ. ಅವನ ಹಿಂದೆ ಆ ಬೀರು, ಅದರ ಬಾಗಿಲು ಇನ್ನೂ ತೆರೆದೇ ಇತ್ತು.

ನಾನು, "ಚೆನ್ನಾಗಿದೆ, ತಗೊ" ಎಂದೆ.

ಅವನು ಮುಂಗಡ ಕೊಟ್ಟ. ಮನೆಗೆ ಬಿಡುತ್ತೇನೆ ಎಂದು ಅವನು ಹೇಳಿದರೂ ಮೋಟರ್‌ಬೈಕ್ ಹತ್ತದೆ ನಡೆದೇ ಮನೆಗೆ ಬಂದೆ. ನನ್ನ ಮೇಲೆ ನನಗೇನೂ ನಾಚಿಕೆಯಾಗಲಿಲ್ಲ, ನಿಜ ಹೇಳುತ್ತೇನೆ. ಸಿಟ್ಟಿತ್ತು. ಇವಳು ನನಗೆ ಹೇಳಲಿಲ್ಲ. ನಾಲ್ಕು ಪುಟ ಬರೆಯುತ್ತಾಳೆ, ಮುದುಕಿಯ ಊಟ, ಹವೆ, ಬಸ್ಸು, ಬಿಸ್ಕತ್ತು ಎಲ್ಲ ಬರೆಯುತ್ತಾಳೆ, ಇದೊಂದನ್ನು ಬರೆಯಲಿಲ್ಲ. ಊರಿಗೆಲ್ಲ ಗೊತ್ತು, ಬಂದರಿನ ಬೆಕ್ಕಿಗೂ ಗೊತ್ತು, ನನಗೆ ಮಾತ್ರ ಇಲ್ಲ. ಹೋಗಲಿ, ಬೀರು ಸೀಳಲಿ. ಹೊಸ ಮನೆಯಲ್ಲಿ ಬಾಗಿಲು ಸಿಕ್ಕಿಹಾಕಿಕೊಂಡು ತೆರೆಯದೆ ನಿಲ್ಲಲಿ. ಇಂಥದ್ದೆಲ್ಲ ಒಬ್ಬಳೇ ಕೂತವಳ ತಲೆಗೆ ಸಲೀಸಾಗಿ ಬರುತ್ತದೆ. ಎದುರಿಗೆ ಒಂದು ಮುಖವಿದ್ದರೆ ಅರ್ಧಕ್ಕೇ ನಿಂತುಹೋಗುತ್ತಿತ್ತು.

ಮರುದಿನ ಶೆಡ್ಡಿನಲ್ಲಿ ಒಂದು ಬಾಗಿಲು ನನ್ನ ಪಾಲಿಗೆ ಬಂತು. ಉಜ್ಜುತ್ತ ಉಜ್ಜುತ್ತ ನೀನು ಆ ಬೀರಿನ ಮುಂದೆ ನಿಂತದ್ದು ಕಂಡಿತು. ನೀನು ಮೊದಲ ದಿನವೇ ಒಳಗೆ ಕೈ ಹಾಕುತ್ತೀಯ. ಹಾಕದೆ ಇರಲಾರೆ, ನಮಗಿಬ್ಬರಿಗೂ ಅದು ಚಟ. ಹಲಗೆ ಸವರಿ, ಮೂಸಿ, ಕೆನ್ನೆ ಇಟ್ಟು, ಹಸಿ ಮರ ಎಂದು ತಿಳಿಯುತ್ತೀಯ. "ಯಾರು ಆರಿಸಿದ್ದು?" ಎಂದು ಅವನನ್ನು ಕೇಳುತ್ತೀಯ. "ಬು ಕಸ್ತಿನಾ" ಎನ್ನುತ್ತಾನೆ. ಆಗ ನೀನು ಬಾಗಿಲು ಮುಚ್ಚುತ್ತೀಯ. ಆ ಕೈಗೆ ತಪ್ಪಾಗುವುದಿಲ್ಲ, ತಿಳಿದೇ ಮಾಡಿದ್ದು ಎಂದು ನಿನಗೆ ಗೊತ್ತಾಗುತ್ತದೆ. ನೀನು ಹೋದರೆ ನಾನು ಒಬ್ಬಳಾಗುತ್ತೇನೆ, ಸರಿ. ಆದರೆ ನೀನು ಹಾಗೆ ಬಾಗಿಲು ಮುಚ್ಚಿದ ಮೇಲೆ ಉಳಿಯುವ ಒಂಟಿತನ ಬೇರೆ ಥರದ್ದು. ಅದನ್ನು ಹೊರಲು ನನ್ನಿಂದ ಆಗದು. ಸ್ಯಾಂಡ್‌ಪೇಪರ್ ಬಿಸಾಡಿ ಎದ್ದೆ. ತಾರ್ಮಿ "ಎಲ್ಲಿಗೇ?" ಎಂದದ್ದಕ್ಕೆ "ವರನ್ನ ನೋಡಕ್ಕೆ" ಎಂದುಬಿಟ್ಟೆ. ಅವಳ ಬಾಯಿ ಮೊದಲ ಸಲ ಮುಚ್ಚಿತು.

ಬಂದರಿನಲ್ಲಿ ಅವನು ಒಂದು ದೋಣಿಯ ಹೊಟ್ಟೆಯೊಳಗೆ ಸೊಂಟದವರೆಗೂ ಇಳಿದಿದ್ದ. ದಡದಿಂದಲೇ ಕೂಗಿದೆ. ತಲೆ ಎತ್ತಿದವನ ಮುಖದ ತುಂಬ ಮಸಿ. "ಆ ಬೀರು ಬೇಡ. ಹಸಿ ಮರ. ನೆನ್ನೆ ನಾನು ನಿಂಗೆ ಸುಳ್ಳು ಹೇಳ್ದೆ" ಎಂದೆ. "ಯಾಕೆ ಬು?" ಎಂದ. "ಯಾಕೆ ಅಂತ ನೀನು ಕೇಳ್ತೀಯೇನೋ? ನನ್ನ ಸೊಸೆ ಬಟ್ಟೆ ಹೆಂಗೆ ಸುತ್ತಿಡ್ತಾಳೆ ಅಂತ ನಂಗೆ ಗೊತ್ತಿಲ್ವಾ?" ಎಂದೆ. ಅವನ ಕೈಲಿದ್ದ ಸ್ಪ್ಯಾನರ್ ಜಾರಿ ದೋಣಿಯ ತಳಕ್ಕೆ ಬಿದ್ದು ಠಣ್ ಎಂದಿತು. ಅಕ್ಕಪಕ್ಕದ ದೋಣಿಯವರೆಲ್ಲ ತಿರುಗಿ ನೋಡಿದರು. ಮೇಲೆ ಹತ್ತಿ ಬಂದು ನನ್ನ ಎದುರು ನಿಂತ. ಆ ದಿನ ಶೆಡ್ಡಿಗೆ ಬಂದದ್ದು ವಿಷಯ ಹೇಳಲೆಂದೇ ಅಂತೆ, ಅಷ್ಟು ಹೆಂಗಸರು ಒಟ್ಟಿಗೆ ನಕ್ಕಾಗ ಧೈರ್ಯ ಹೋಗಿ ಬಾಯಿಗೆ ಬೀರು ಬಂತಂತೆ. ಆಮೇಲೆ ಎರಡು ಶುಕ್ರವಾರವೂ ಹೇಳೋಣ ಹೇಳೋಣ ಎಂದುಕೊಂಡೇ ಬಂದನಂತೆ. "ಮುರ್ನಿಗೆ ನಿಮ್ಮದೇ ಯೋಚ್ನೆ ಬು. ಅಮ್ಮಂಗೆ ಹೆಂಗೆ ಹೇಳೋದು, ಅಮ್ಮ ಒಬ್ಳೇ ಆಗ್ತಾಳೆ ಅಂತ ಪ್ರತಿ ಕಾಗ್ದದಲ್ಲೂ ಬರೀತಾಳೆ" ಎಂದ. ಎಣ್ಣೆ ಕೈಯನ್ನು ಬಟ್ಟೆಗೆ ಒರೆಸಿಕೊಂಡ. ಕೊನೆಗೆ ಅವನು, "ಈಗ ನಾನು ನಿಮ್ಮನ್ನ ಏನಂತ ಕರೀಬೇಕು?" ಎಂದ. ಯೋಚಿಸಿದೆ. ಸೊಸೆಯ ಎರಡನೇ ಗಂಡನಿಗೆ ನಾನು ಏನಾಗಬೇಕೋ, ಆ ಸಂಬಂಧಕ್ಕೆ ಹಿರಿಯರು ಹೆಸರೇ ಇಟ್ಟಿಲ್ಲ. "ಮೊದ್ಲು ಮುಖ ತೊಳ್ಕೊ, ಆಮೇಲೆ ನೋಡೋಣ" ಎಂದೆ.

ಇಬ್ಬರೂ ಪಾ ನೂರ್‌ಹಾದಿಯಲ್ಲಿಗೆ ಹೋದೆವು. ಅಲ್ಲಿ ನಡೆದ ಜಗಳ ಬರೆದರೆ ಇನ್ನೊಂದು ಕಾಗದವಾದೀತು. "ನೆನ್ನೆ ಚೆನ್ನಾಗಿದೆ ಅಂದಿದ್ದು ಇದೇ ಬಾಯಿ ತಾನೆ?" ಎಂದ. "ಬಾಯಿ ನಂದೇ. ಸುಳ್ಳೂ ನಂದೇ. ಹಸಿ ಮರ ಮಾತ್ರ ನಿಂದು" ಎಂದೆ. ಹಸಿಯಲ್ಲವೇ ಅಲ್ಲ ಎಂದು ಹಾರಾಡಿದ. "ಹಂಗಾದ್ರೆ ನಿನ್ನ ಕೆನ್ನೆ ಇಡು" ಎಂದೆ. ಇಡಲಿಲ್ಲ. ಅವನೂ ಕೆಲಸ ಬಲ್ಲವನೇ, ಕೆಟ್ಟವನೇನಲ್ಲ. ಹಡಗಿಗೆ ಸರಕು ಹತ್ತಿಸುವ ಅವಸರದಲ್ಲಿ ಈಗ ಎಲ್ಲರೂ ಹೀಗೇ ಆಗಿದ್ದಾರೆ. ಕೊನೆಗೆ ಸುಬ್ಖಾನ್ ಮೆಲ್ಲಗೆ, "ಪಾ, ಮದುವೆ ಬೀರು. ಸೀಳಿದ್ರೆ ಅಪಶಕುನ ಅಂತಾರೆ" ಎಂದ. ಪಾ ನೂರ್‌ಹಾದಿ ತಲೆ ಕೆರೆದುಕೊಂಡು ಹಿತ್ತಲಿಗೆ ಕರೆದುಕೊಂಡು ಹೋದ. ಅಲ್ಲಿ ಗೋಣಿ ಹೊದೆಸಿದ ಒಂದಷ್ಟು ತೊಲೆ, ಹಲಗೆಗಳು ಇದ್ದವು, ಕುದುಸ್ ಕಡೆ ಯಾರದೋ ಹಳೇ ಮನೆ ಬಿಚ್ಚಿದಾಗ ಬಂದವು. ತನ್ನ ಮಗಳಿಗೆಂದು ಇಟ್ಟುಕೊಂಡಿದ್ದನಂತೆ. ಮಗಳಿಗೆ ಕಬ್ಬಿಣದ ಬೀರು ಬೇಕಂತೆ. ನಾನು ಬೆರಳ ಗೆಣ್ಣಿನಿಂದ ತಟ್ಟಿದೆ. ಗಂಟೆಯ ಹಾಗಲ್ಲದಿದ್ದರೂ ಒಳ್ಳೇ ಮಡಕೆಯ ಹಾಗೆ ಕಣಕಣ ಎಂದಿತು. ಕಿವಿಕೊಟ್ಟು ಕೇಳಿದ ಸುಬ್ಖಾನ್, "ಇದು ಓಡ್ತದೆ ಬು" ಎಂದ, ಇಂಜಿನ್ನಿಗೆ ಹೇಳುವ ಹಾಗೆ. ಮೊಳೆಯ ತೂತುಗಳಿದ್ದವು, ಮಸಿ ಹಿಡಿದಿತ್ತು, ಒಂದು ಕಡೆ ಯಾರದೋ ಮಗು ಕೆತ್ತಿದ ಮೀನಿನ ಚಿತ್ರವೂ ಇತ್ತು. ಇರಲಿ ಎಂದೆ. ತಲೆಮಾರುಗಟ್ಟಲೆ ಕುಗ್ಗುವಷ್ಟು ಕುಗ್ಗಿ ಆಗಿದೆ, ಇನ್ನು ಅದಕ್ಕೆ ಯಾರಿಗೂ ಮೋಸ ಮಾಡುವ ಶಕ್ತಿಯಿಲ್ಲ.

ಆ ಬಳ್ಳಿಯ ಕೆತ್ತನೆ ಇದರಲ್ಲಿಲ್ಲ. ಸಾದಾ ಬಾಗಿಲು. ಬೀಗ ಎಡಗಡೆ. ಹೊರಗಡೆಯನ್ನು ಅವರ ಹೆಂಗಸರು ಉಜ್ಜಿದರು. ಒಳಗಡೆಯನ್ನು ನಾನು ಉಜ್ಜುತ್ತೇನೆ ಎಂದು ಕೇಳಿಕೊಂಡೆ. ನನ್ನ ಕೆಲಸ ಮುಗಿಸಿ ಸಂಜೆ ಅಲ್ಲಿಗೆ ಹೋಗಿ, ಬೀರಿನೊಳಗೆ ಕಾಲು ಮಡಿಸಿ ಕೂತು, ಮೂಲೆ ಮೂಲೆ ಉಜ್ಜುತ್ತಿದ್ದೆ. ಒಳಗೆ ಕೂತರೆ ಹೊರಗಿನ ಸದ್ದೆಲ್ಲ ದೂರ. ಅಲ್ಲಿ ನಾನು ಅತ್ತುಬಿಟ್ಟೆ, ಮುರ್ನಿ. ಯಾರಿಗೂ ಕಾಣುತ್ತಿರಲಿಲ್ಲವಾದ್ದರಿಂದ ಚೆನ್ನಾಗಿ ಅತ್ತೆ. ನನ್ನ ಮಗನಿಗಾಗಿ ಅತ್ತೆ. ಅವನು ತಂದ ದಿಮ್ಮಿಗಳು ಯಾರ ಯಾರ ಮನೆಯಲ್ಲಿ ಮಂಚವಾಗಿ ಮೇಜಾಗಿ ನಿಂತಿವೆಯೋ, ಅವನು ಮಾತ್ರ ಎಲ್ಲೂ ಇಲ್ಲ. ಅವನ ಹೆಸರು ಹೇಳಿಕೊಂಡು ಮಾತಾಡಲು ಇದ್ದವಳು ನೀನೊಬ್ಬಳು. ಇನ್ನು ಮೇಲೆ ನಿನ್ನ ಎದುರಿಗೆ ಆ ಹೆಸರು ಎತ್ತಬಹುದೋ ಬಾರದೋ ಎಂದು ನಾನು ಯೋಚಿಸಬೇಕು. ಸುಬ್ಖಾನನನ್ನೇ ಕೇಳಿದೆ. ಅವನು ಹೇಳಿದ: "ಎತ್ತಿ ಬು. ನನ್ನ ಹೆಂಡ್ತಿ ಹೆಸ್ರು ಸುಮ್ರಾಹ್. ಅದನ್ನೂ ಯಾರಾದ್ರೂ ಎತ್ಲಿ."

ಮೊನ್ನೆ ಬೀರು ತಯಾರಾಯಿತು. ಎಲ್ಲಿಗೆ ಸಾಗಿಸಲಿ ಎಂದು ಪಾ ನೂರ್‌ಹಾದಿ ಕೇಳಿದಾಗ ಸುಬ್ಖಾನ್ ನನ್ನ ಮುಖ ನೋಡಿದ. ಪದ್ಧತಿಯ ಪ್ರಕಾರ ಹೆಣ್ಣಿನ ಮನೆಗೆ ಹೋಗಬೇಕು. ನಿನ್ನ ಅಪ್ಪ ಅಮ್ಮ ಇಲ್ಲ, ಅಣ್ಣ ಸುಮಾತ್ರಾದಲ್ಲಿ. "ಹೆಣ್ಣಿನ ಮನೆ ಅಂದ್ರೆ ತಹುನಾನ್‌ನಲ್ಲಿರೋ ನನ್ನ ಮನೆ" ಎಂದೆ. ನಾಲ್ಕು ಆಳು ಹೊತ್ತು ತಂದರು. ಬಾಗಿಲಲ್ಲಿ ಹಿಡಿಸದೆ ಕಿಟಕಿ ಚೌಕಟ್ಟು ಬಿಚ್ಚಬೇಕಾಯಿತು. ತಾರ್ಮಿ ಬಂದು ನಿಂತು ಎಲ್ಲರಿಗೂ ಅಪ್ಪಣೆ ಕೊಟ್ಟಳು. ಎಲ್ಲರೂ ಹೋದ ಮೇಲೆ ನಾನೂ ಅದೂ ಉಳಿದೆವು. ಮುಂದಿನ ಕೋಣೆಯಲ್ಲಿ ಅರ್ಧ ಜಾಗ ಅದಕ್ಕೇ ಹೋಗಿದೆ. ಬಾಗಿಲು ತೆರೆದು ನೋಡಿದೆ, ಖಾಲಿ. ಖಾಲಿ ಬೀರಿನಷ್ಟು ಖಾಲಿ ವಸ್ತು ಇನ್ನೊಂದಿಲ್ಲ. ಆದರೂ ಮುಟ್ಟಿದರೆ ಬೆಚ್ಚಗಿದೆ.

ಮುರ್ನಿಗೆ ನಾನೇ ಬರೆಯುತ್ತೇನೆ, ನೀನು ಬಾಯಿ ಮುಚ್ಚಿಕೊಂಡಿರು ಎಂದು ಸುಬ್ಖಾನನಿಂದ ಮಾತು ತೆಗೆದುಕೊಂಡಿದ್ದೆ. ಅದಕ್ಕೇ ಅವನ ಕಾಗದಗಳು ನಿನಗೆ ಸ್ವಲ್ಪ ಪೆಚ್ಚಾಗಿ ಕಂಡಿರಬಹುದು, ಅವನ ಮೇಲೆ ತಪ್ಪು ತಿಳಿಯಬೇಡ. ಸುಳ್ಳು ಹೇಳಲು ಬಾರದವನು. ಮರ ನೋಡಿದ ಹಾಗೆ ಅವನನ್ನೂ ನೋಡಿದ್ದೇನೆ ಎಂದು ಬರೆದರೆ ನೀನು ನಗುತ್ತೀಯ. ಮನುಷ್ಯರು ಹಸಿಯೋ ಒಣಗಿದವರೋ ಎಂದು ಕೆನ್ನೆ ಇಟ್ಟು ಹೇಳಲು ನನಗೆ ಬರುವುದಿಲ್ಲ. ನನ್ನ ಸುಳ್ಳನ್ನು ಕೇಳಿಯೂ ಅವನು ನನಗೆ ದನಿ ಎತ್ತರಿಸಲಿಲ್ಲ, ಅಷ್ಟು ಮಾತ್ರ ಹೇಳಬಲ್ಲೆ.

ಬು ತಾರ್ಮಿ, ಶೆಡ್ಡಿನ ಹೆಂಗಸರೆಲ್ಲ ನಿನ್ನ ಕ್ಷೇಮ ಕೇಳಿದ್ದಾರೆ. ಆ ಮುದುಕಿಗೂ ನನ್ನ ನಮಸ್ಕಾರ ಹೇಳು, ಅವಳಿಗೆ ತಿಳಿಯದಿದ್ದರೂ ಹೇಳು. ನೀನು ನಿಂತಲ್ಲಿ ನಿನಗೆ ನೆರಳಿರಲಿ, ನಡೆದಲ್ಲಿ ದಾರಿ ತಣ್ಣಗಿರಲಿ, ದೇವರು ನಿನ್ನ ಕೈಗಳನ್ನು ಕಾಯಲಿ.

ನಿನ್ನ ಅಮ್ಮ,
ಕಸ್ತಿನಾ

ಮರೆತದ್ದು: ಅಂಚೆ ಕಚೇರಿಯಲ್ಲಿ ನಿಂತು ಇಷ್ಟನ್ನು ಗೀಚುತ್ತಿದ್ದೇನೆ, ಗುಮಾಸ್ತ ಚೀಲ ಕಟ್ಟುತ್ತಿದ್ದಾನೆ. ಸುಬ್ಖಾನ್ ಈಗಷ್ಟೇ ಇಲ್ಲಿಗೆ ಹುಡುಕಿಕೊಂಡು ಓಡಿ ಬಂದ. ನೀನು ಅಲ್ಲಿನ ಕೆಲಸಕ್ಕೆ ಇನ್ನೂ ಎರಡು ವರ್ಷಕ್ಕೆ ಸಹಿ ಹಾಕುತ್ತೀಯಂತೆ, ಈ ತಿಂಗಳ ಕೊನೆಗೆ. ಇಂದು ಬೆಳಿಗ್ಗೆ ಅವನಿಗೆ ನಿನ್ನ ಕಾಗದ ಬಂದಿದೆ. ಈ ಮದುವೆಯ ವಿಷಯ ನನಗೆ ಹೇಳುವ ಧೈರ್ಯವಿಲ್ಲದೆ ಸಹಿ ಹಾಕುತ್ತೀಯಂತೆ. ಹಾಕಬೇಡ. ನಾನು ಒಬ್ಬಳಾಗುತ್ತೇನೆ ಎಂದು ನೀನು ದೂರದಲ್ಲೇ ಉಳಿದರೆ ನಾನು ಈಗ ಏನಾಗಿದ್ದೇನೆ ಎಂದುಕೊಂಡೆ? ಉಪವಾಸದ ತಿಂಗಳಿಗೆ ಮುಂಚೆ ನನ್ನ ಮಗಳ ಮದುವೆ ಎಂದು ಓಣಿಗೆಲ್ಲ ಸಾರಿಬಿಟ್ಟಿದ್ದೇನೆ, ತಾರ್ಮಿಗೂ ಹೇಳಿಯಾಗಿದೆ, ಇನ್ನು ಹಿಂದೆಗೆಯುವಂತಿಲ್ಲ. ಸಹಿ ಹಾಕಬೇಡ, ಮುರ್ನಿ. ಬಂದುಬಿಡು.